ತೂಗುಸೇತುವೆಯ ಕಥೆ
(ಶಾಲೆಯ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಯನಾಡಿನವರಾದ ನಮಗೆ ಸೇತುವೆಯ ಬೆಲೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 2024ನೆಯ ಇಸವಿ ಜುಲೈ 30ರ ನಸುಕಿನಲ್ಲಿ ಬೆಟ್ಟವು ಕುಸಿದು ಮುಂಡಕೈ, ಚೂರಲ್‌ಮಲ ಗ್ರಾಮಗಳ ಮೇಲೆ ಹರಿದುಬಂದಾಗ ಆ ಎರಡು ಊರುಗಳನ್ನು ಕೂಡಿಸುತ್ತಿದ್ದ ಸೇತುವೆಯೂ ಕೊಚ್ಚಿಹೋಯಿತು. ಆಚೆಯ ದಡದಲ್ಲಿ ಗಾಯಗೊಂಡವರು, ಈಚೆಯ ದಡದಲ್ಲಿ ಔಷಧೋಪಚಾರ, ನಡುವೆ ಕೆಸರು ತುಂಬಿದ ಪ್ರವಾಹ! ಆ ಗಳಿಗೆಯಲ್ಲಿ ನೆರವಾದುದು ಒಂದು ಹಗ್ಗ. ದಾದಿಯೊಬ್ಬರು ಹಗ್ಗಕ್ಕೆ ತೂಗಿಕೊಂಡು ಹೊಳೆಯನ್ನು ದಾಟಿ ಗಾಯಾಳುಗಳ ಶುಶ್ರೂಷೆ ಮಾಡಿದರು. ಬಳಿಕ, ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದರಾಸು ಎಂಜಿನಿಯರ್ ಪಡೆಯ ಯೋಧರು ಹಗಲಿರುಳೂ ದುಡಿದು, 190 ಅಡಿ ಉದ್ದದ ಉಕ್ಕಿನ ಬೈಲಿ ಸೇತುವೆಯನ್ನು ಆಗಸ್ಟ್ 1ರಂದು ಪೂರ್ಣಗೊಳಿಸಿದರು.

ತೂಗುಸೇತುವೆಯ ಕಥೆಯು ಆರಂಭವಾಗುವುದೂ ಇಂತಹ ಹಗ್ಗದಿಂದಲೇ. ಬೆತ್ತ, ಬಳ್ಳಿಗಳನ್ನು ಹೊಸೆದು ಎರಡು ದಡಗಳ ಮರಗಳಿಗೆ ಬಿಗಿದು ದಾಟಿದವರು ನಮ್ಮ ಪೂರ್ವಿಕರು. ಅದೇ ತತ್ತ್ವವನ್ನು ಮುಂದೆ ಕಬ್ಬಿಣದಲ್ಲಿ ಸಾಧಿಸಲಾಯಿತು.

ಈ ತತ್ತ್ವವನ್ನು ಮಕ್ಕಳು ಅಂಗಳದಲ್ಲಿಯೇ ಪರೀಕ್ಷಿಸಿ ನೋಡಬಹುದು. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಒದ್ದೆ ಕಂಬಳಿಯನ್ನು ಹಾಕಿರಿ. ಹಗ್ಗವು ನಡುವೆ ಜಗ್ಗುವುದು. ಆದರೆ ಅದರ ಸೆಳೆತವೆಲ್ಲ ಹೋಗಿ ಮುಟ್ಟುವುದು ಎರಡು ತುದಿಗಳ ಗೂಟಗಳನ್ನು. ಗೂಟವು ಸಡಿಲವಾದರೆ ಹಗ್ಗವು ಎಷ್ಟು ಗಟ್ಟಿಯಾಗಿದ್ದರೂ ಕಂಬಳಿ ಮಣ್ಣುಪಾಲು. ತೂಗುಸೇತುವೆಯೂ ಹೀಗೆಯೇ. ಎರಡು ಗೋಪುರಗಳ ಮೇಲಿಂದ ಹಾಯ್ದ ಸರಪಣಿ ನಮ್ಮ ಕಣ್ಣಿಗೆ ಕಾಣುವುದು. ಅದನ್ನು ನಿಜವಾಗಿ ಹಿಡಿದಿರುವ ಆಧಾರವು ನೆಲದೊಳಗೆ ಹುದುಗಿರುವುದು.

ನಮ್ಮ ಕೇರಳ ರಾಜ್ಯದ ದಕ್ಷಿಣದಲ್ಲಿರುವ ಪುನಲೂರಿಗೆ ಹೋದವರು ಇದನ್ನು ಕಣ್ಣಾರೆ ಕಾಣಬಹುದು. ತಿರುವಾಂಕೂರು ಸಂಸ್ಥಾನದ ಕಾಲದಲ್ಲಿ, ಆಲ್ಬರ್ಟ್ ಹೆನ್ರಿ ಎಂಬ ಎಂಜಿನಿಯರರು ಅಲ್ಲಿ ಕಲ್ಲಡ ನದಿಗೆ ಸುಮಾರು 400 ಅಡಿ ಉದ್ದದ ತೂಗುಸೇತುವೆಯನ್ನು ನಿರ್ಮಿಸಿದರು. 1871ರಲ್ಲಿ ಮೊದಲಾದ ಕೆಲಸವು 1877ರಲ್ಲಿ ಮುಗಿಯಿತು. ಕೊಲ್ಲಂ ಕಡೆಯ ವ್ಯಾಪಾರಕ್ಕೂ ಘಟ್ಟದಾಚೆಯ ತಮಿಳು ನಾಡಿಗೂ ಇದೇ ಕೊಂಡಿಯಾಯಿತು. ಇದರ ಸರಪಣಿಗಳ ತುದಿಗಳನ್ನು ದಡದಲ್ಲಿ ತೋಡಿದ ಬಾವಿಗಳೊಳಗೆ ಬಿಗಿಯಲಾಗಿದೆ.

ಸೇತುವೆ ತೂಗಾಡುವುದನ್ನು ಕಂಡು ಜನರು ಅದರ ಮೇಲೆ ಕಾಲಿಡಲು ಅಂಜಿದರಂತೆ. ಆಗ ಆರು ಆನೆಗಳನ್ನು ಸೇತುವೆಯ ಮೇಲೆ ನಡೆಸಿ, ಎಂಜಿನಿಯರರು ತಮ್ಮ ಕುಟುಂಬದೊಡನೆ ಅದರ ಕೆಳಗೆ ದೋಣಿಯಲ್ಲಿ ಸಾಗಿದರೆಂದು ಜನಪ್ರತೀತಿ ಇದೆ. ಈ ಕಥೆಯು ಎಷ್ಟು ಸತ್ಯವೋ, ಅದರ ನೀತಿಯಂತೂ ಸತ್ಯವೇ: ಪರರು ನಂಬಿ ನಡೆಯಬೇಕಾದುದನ್ನು ಕಟ್ಟುವವನು, ತನ್ನವರನ್ನೂ ಅದರ ಕೆಳಗೆ ನಿಲ್ಲಿಸುವಷ್ಟು ಪ್ರಾಮಾಣಿಕನಾಗಿರಬೇಕು. ಇಂದು ವಾಹನಗಳಿಗೆ ಬೇರೆ ಸೇತುವೆ ಇದೆ. ಹಳೆಯದು ಸಂರಕ್ಷಿತ ಸ್ಮಾರಕವಾಗಿ ಉಳಿದಿದೆ.

ಪುನಲೂರಿನದು ಸಂಸ್ಥಾನದ ಬೊಕ್ಕಸದ ಬಲದಿಂದ ಎದ್ದ ಸೇತುವೆ. ಬಡ ಹಳ್ಳಿಗೆ ಇಂತಹುದು ಸಾಧ್ಯವೇ? ಸಾಧ್ಯವೆಂದು ತೋರಿಸಿದವರು ಕನ್ನಡ ನಾಡಿನ ಸುಳ್ಯದ ಶ್ರೀ ಗಿರೀಶ್ ಭಾರದ್ವಾಜರು. ಮಂಡ್ಯದಲ್ಲಿ ಯಂತ್ರಶಾಸ್ತ್ರವನ್ನು ಓದಿದ ಅವರು 1989ರಲ್ಲಿ ಅರಂಬೂರಿನ ಜನರ ಕೋರಿಕೆಯಂತೆ, ಪಯಸ್ವಿನೀ ನದಿಗೆ ಕಾಲ್ನಡಿಗೆಯ ತೂಗುಸೇತುವೆಯನ್ನು ಕಟ್ಟಿದರು. ಊರವರೂ ಕೈಗೂಡಿಸಿದರು. ಇದೇ ಪಯಸ್ವಿನಿಯು ಕಾಸರಗೋಡಿನಲ್ಲಿ ಚಂದ್ರಗಿರಿ ಎಂಬ ಹೆಸರಿನಿಂದ ಸಮುದ್ರವನ್ನು ಸೇರುವುದು. ಅರಂಬೂರಿನಿಂದ ಮೊದಲಾದ ಕಾರ್ಯವು ಕರ್ಣಾಟಕ, ಕೇರಳ, ಒಡಿಶಾ ಮುಂತಾದ ಕಡೆಗಳಲ್ಲಿ ನೂರಕ್ಕೂ ಮಿಕ್ಕ ಸೇತುವೆಗಳಾಗಿ ಬೆಳೆಯಿತು. 2017ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಮಳೆಗಾಲದಲ್ಲಿ ದೋಣಿ ನಿಂತೊಡನೆ ಶಾಲೆಯೂ ನಿಂತುಹೋಗುವ ಮಕ್ಕಳ ಪಾಡನ್ನು ಬಲ್ಲವರಿಗೆ, ಅಂತಹ ಕಿರುಸೇತುವೆಯ ಮಹತ್ತ್ವವು ತಾನೇ ಅರಿವಾಗುವುದು.

ಪ್ರಿಯ ಮಕ್ಕಳೇ, 2024ರ ಆ ದುರಂತದಲ್ಲಿ ವೆಳ್ಳಾರಮಲದ ಶಾಲೆಯೂ ಹಾನಿಗೊಂಡಿತು. ಸಹಪಾಠಿಗಳನ್ನು ಕಳೆದುಕೊಂಡ ಅಲ್ಲಿಯ ವಿದ್ಯಾರ್ಥಿಗಳು ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಮತ್ತೆ ಪಾಠಕ್ಕೆ ಕುಳಿತರು. ಅವರನ್ನು ಆ ದಿನ ತರಗತಿಗೆ ಕರೆತಂದುದು ಉಕ್ಕಿನ ಸೇತುವೆಯಲ್ಲ. ದುಃಖವನ್ನು ನುಂಗಿಕೊಂಡು ಕೈಹಿಡಿದು ನಡೆಸಿದ ಹಿರಿಯರು.

ನೀವು ತೂಗುಸೇತುವೆಯ ಮೇಲೆ ನಡೆವಾಗ ಅದು ಅಲುಗುವುದು ಸಹಜ, ಅಲುಗಿದೊಡನೆ ಅಂಜಬೇಡಿರಿ. ದಡದಲ್ಲಿ, ಕಾಣದ ಬಾವಿಯೊಳಗೆ, ಯಾವುದೋ ಒಂದು ನಿಮ್ಮನ್ನು ಬಿಗಿಹಿಡಿದಿರುವುದು. ಪೋಷಕರೇ, ಮನೆ ಒಂದು ದಡ, ಶಾಲೆ ಇನ್ನೊಂದು ದಡ. ಒಂದು ಕಡೆಯ ಗೂಟವನ್ನು ಮಾತ್ರ ಗಟ್ಟಿಮಾಡಿದರೆ ಸಾಲದು. ಎರಡೂ ಕಡೆ ನಾವೆಲ್ಲರೂ ಭದ್ರವಾಗಿ ನಿಲ್ಲೋಣವೆಂದು ಅರಿಕೆ ಮಾಡಿ, ನಮ್ಮ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.