ಠರಾವು ಪಾಸಾದ ಮೇಲೆ



ವರ್ಣಭೇದದ ವಿರುದ್ಧದ ಹೋರಾಟ ಎಂದೊಡನೆ ಮಂಡೇಲಾ ನೆನಪಾಗುತ್ತಾರೆ, ರಾಬೆನ್ ದ್ವೀಪದ ಸೆರೆಮನೆ ನೆನಪಾಗುತ್ತದೆ. ನಾನು ಇವತ್ತು ಹೇಳಹೊರಟಿರುವುದು ನ್ಯೂಯಾರ್ಕಿನ ಒಂದು ಕಚೇರಿಯ ಕಥೆ. ಕಡತ, ಟಪಾಲು, ಪಟ್ಟಿ, ಪ್ರಯಾಣ ಭತ್ಯೆ ಇವೇ ಇದರ ಪಾತ್ರಗಳು.

1946ರಲ್ಲಿ, ನಮಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ, ಆಗಲೇ ಭಾರತ ದಕ್ಷಿಣ ಆಫ್ರಿಕಾದ ಮೇಲೆ ವಿಶ್ವಸಂಸ್ಥೆಗೆ ದೂರು ಒಯ್ದಿತು. ಅಲ್ಲಿನ ಭಾರತೀಯರ ಭೂಮಿಯ ಹಕ್ಕಿಗೆ ಕತ್ತರಿ ಹಾಕಿದ ಕಾನೂನು ಅದಕ್ಕೆ ಕಾರಣ. ಭಾರತದ ಪರವಾಗಿ ವಿಜಯಲಕ್ಷ್ಮಿ ಪಂಡಿತ್ ವಾದಿಸಿದರು, ಠರಾವು ಪಾಸಾಯಿತು. ಆಮೇಲೆ? ಮತ್ತೊಂದು ಠರಾವು, ಮತ್ತೊಂದು ಖಂಡನೆ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದಾಗಲೂ, ಈ ಠರಾವುಗಳ ಬೆನ್ನು ಹತ್ತುವ ಕಾಯಂ ಸಮಿತಿ ಒಂದೂ ಇರಲಿಲ್ಲ.

ಅಂಥ ಸಮಿತಿ ಹುಟ್ಟಿದ್ದು 1962ರ ನವೆಂಬರ್ 6ರ ಠರಾವಿನಿಂದ. ಪಾಶ್ಚಾತ್ಯ ದೇಶಗಳು ಅದರಲ್ಲಿ ಕೂರಲು ಒಪ್ಪಲಿಲ್ಲ. ಅಪಶಕುನ ಅಂದುಕೊಂಡರು ಹಲವರು. ಆದರೆ ಅಡ್ಡಗಾಲು ಹಾಕುವವರೇ ಒಳಗಿಲ್ಲವಾದ್ದರಿಂದ ಸಮಿತಿ ಚುರುಕಾಯಿತು. ನಮ್ಮೂರ ಜಾತ್ರಾ ಸಮಿತಿಗಳಲ್ಲೂ ಇದನ್ನು ಕಂಡಿದ್ದೇನೆ. ಗಿನಿ ದೇಶದ ಡಿಯಾಲೊ ಟೆಲ್ಲಿ ಅಧ್ಯಕ್ಷರು. ಕಾರ್ಯದರ್ಶಿ ನಮ್ಮ ನೆರೆಯ ತೆಲುಗು ನಾಡಿನವರು, ಎನುಗ ಶ್ರೀನಿವಾಸುಲು ರೆಡ್ಡಿ. 1946ರಲ್ಲಿ ಓದಲು ನ್ಯೂಯಾರ್ಕಿಗೆ ಹೋದವರು, 1949ರಲ್ಲಿ ವಿಶ್ವಸಂಸ್ಥೆಯ ನೌಕರಿ ಹಿಡಿದಿದ್ದರು.

ರೆಡ್ಡಿ ಭಾಷಣಕಾರರಲ್ಲ. ಅವರದು ಕುರ್ಚಿಯ ಹಿಂದಿನ ಕೆಲಸ: ಕರಡು ಬರೆಯುವುದು, ಯಾರನ್ನು ಯಾವಾಗ ಮಾತಿಗೆ ಕರೆಸಬೇಕೆಂದು ಯೋಚಿಸುವುದು. 1963ರ ಅಕ್ಟೋಬರ್‌ನಲ್ಲಿ ಮಂಡೇಲಾ ಮತ್ತು ಸಂಗಾತಿಗಳ ಮೇಲಿನ ರಿವೋನಿಯಾ ವಿಚಾರಣೆ ಆರಂಭವಾದ ಎರಡೇ ದಿನಕ್ಕೆ, ರಾಜಕೀಯ ಕೈದಿಗಳನ್ನು ಬಿಡಿ ಎಂಬ ಠರಾವು ಮಹಾಸಭೆಯಲ್ಲಿ 106 ಮತಗಳಿಂದ ಗೆದ್ದಿತು. ವಿರೋಧ ಒಂದೇ, ದಕ್ಷಿಣ ಆಫ್ರಿಕಾದ್ದು. 1965ರಲ್ಲಿ ಕೈದಿಗಳ ವಕೀಲರ ಖರ್ಚಿಗೂ ಕುಟುಂಬಗಳ ಹೊಟ್ಟೆಪಾಡಿಗೂ ವಿಶ್ವಸಂಸ್ಥೆಯ ಒಂದು ನಿಧಿ ಆಯಿತು. ಲಂಡನ್ನಿನ ಪಾದ್ರಿ ಜಾನ್ ಕಾಲಿನ್ಸ್ ನಡೆಸುತ್ತಿದ್ದ ಸಂಸ್ಥೆಗೂ ಅದರ ಹಣ ಹೋಗುತ್ತಿತ್ತು. ಆ ಸಂಸ್ಥೆಯನ್ನು ದಕ್ಷಿಣ ಆಫ್ರಿಕಾ 1966ರಲ್ಲಿ ನಿಷೇಧಿಸಿದಾಗ, ಇಂಗ್ಲೆಂಡಿನ ಸಾಮಾನ್ಯ ಜನ ತಮ್ಮ ಹೆಸರಿನಲ್ಲಿ, ನೆಂಟರಿಗೆ ಬರೆದಂತೆ ಕ್ಷೇಮಸಮಾಚಾರದ ಕಾಗದ ಬರೆದು ಕೈದಿಗಳ ಮನೆಗಳಿಗೆ ದುಡ್ಡು ಕಳಿಸಿದರು.

1976ರಲ್ಲಿ, ಸಮಿತಿಯ ಕೆಲಸ ನೋಡುತ್ತಿದ್ದ ಪುಟ್ಟ ವಿಭಾಗವೇ ಒಂದು ಕೇಂದ್ರವಾಗಿ ಬೆಳೆಯಿತು. ಮುಖ್ಯಸ್ಥರು ರೆಡ್ಡಿಯವರೇ. ನನಗೆ ಬಹಳ ಹಿಡಿಸಿದ್ದು ಆ ಕೇಂದ್ರದ ಪಟ್ಟಿಗಳು. ವರ್ಣಭೇದದ ನಾಡಿಗೆ ಆಡಲು ಹೋದ ಕ್ರೀಡಾಪಟುಗಳು, ಹಾಡಲು ಹೋದ ಕಲಾವಿದರು, ಇವರ ಹೆಸರುಗಳನ್ನು ಸುಮ್ಮನೆ ಅಚ್ಚು ಹಾಕಿ ಹಂಚುವುದು, ಅಷ್ಟೇ. ಇನ್ನು ಹೋಗುವುದಿಲ್ಲ ಎಂದು ಬರೆದುಕೊಟ್ಟವರ ಹೆಸರು ಪಟ್ಟಿಯಿಂದ ಹೋಗುತ್ತಿತ್ತು.

ಇತ್ತ ಜಿನೀವಾದಲ್ಲಿ ವಿಶ್ವಸಂಸ್ಥೆಯದೇ ಇನ್ನೊಂದು ಸಂಸಾರ. ಜನಾಂಗೀಯ ತಾರತಮ್ಯದ ವಿರುದ್ಧದ ಒಪ್ಪಂದ 1965ರಲ್ಲಿ ಅಂಗೀಕಾರವಾಗಿ 1969ರಲ್ಲಿ ಜಾರಿಗೆ ಬಂತು. ಅದನ್ನು ಕಾಯಲು 18 ತಜ್ಞರ ಸಮಿತಿ. ಆದರೆ ಸಮಿತಿಯ ಖರ್ಚನ್ನು ಒಪ್ಪಂದಕ್ಕೆ ಸೇರಿದ ದೇಶಗಳೇ ಹೊರಬೇಕೆಂದು ಬರೆದುಬಿಟ್ಟರು. ದೇಶಗಳು ಬಾಕಿ ಉಳಿಸಿಕೊಂಡವು. 1980ರ ದಶಕದಲ್ಲಿ ಕೈಯಲ್ಲಿ ಕಾಸಿಲ್ಲದೆ ಸಭೆಗಳೇ ರದ್ದಾದವು! ತಾರತಮ್ಯವನ್ನು ವಿಚಾರಿಸಬೇಕಾದವರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ವಿಶ್ವಸಂಸ್ಥೆಯ ಬಜೆಟ್ಟೇ ಆ ಖರ್ಚು ಹೊತ್ತಿದ್ದು 1994ರಿಂದ.

2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವ ಸಮ್ಮೇಳನ. ನಮ್ಮ ದಲಿತ ಕಾರ್ಯಕರ್ತರು ಅಲ್ಲಿ ಜಾತಿಯ ಪ್ರಶ್ನೆ ಎತ್ತಿದರು; ಜಾತಿ ಜನಾಂಗವಲ್ಲ, ಅದಿಲ್ಲಿ ಬೇಡ ಎಂದಿತು ಭಾರತ ಸರ್ಕಾರ. ಮರುವರ್ಷ ಆ 18 ಮಂದಿ ಕೂತು, ಒಪ್ಪಂದದಲ್ಲಿರುವ ‘ವಂಶ’ ಎಂಬ ಮಾತಿನೊಳಗೆ ಜಾತಿಯೂ ಬರುತ್ತದೆ ಎಂದು ಬರೆದರು. ಆ ಮಾತನ್ನು ಸೇರಿಸಿ ಎಂದು 1965ರಲ್ಲಿ ಕೇಳಿದ್ದು ಭಾರತವೇ.