ಬ್ಯಾಂಡಿನಲ್ಲಿ ಹಾಡಿದರೆ ಸಂಗೀತ ಕೆಡುತ್ತದೆಯೇ?

ಪುಣೆಯ ಖಡಕಿಯ ಕನ್ನಡ ಮನೆಗಳ ತಾಯಂದಿರು ಒಂದೇ ಆತಂಕವನ್ನು ಮತ್ತೆ ಮತ್ತೆ ತೋಡಿಕೊಳ್ಳುತ್ತಿದ್ದಾರೆ: ಮಗಳು ವರ್ಣ, ಕೀರ್ತನೆ ಕಲಿತಿದ್ದಾಳೆ, ಈಗ ಕಾಲೇಜಿನ ಬ್ಯಾಂಡಿನವರು ಕರೆಯುತ್ತಿದ್ದಾರೆ, ಕಲಿತದ್ದೆಲ್ಲ ಹಾಳಾಗುವುದಿಲ್ಲವೇ?

ಆಗುವುದಿಲ್ಲ. ಬೆಂಗಳೂರಿನ ಆರ್. ಎ. ರಮಾಮಣಿ ಅವರನ್ನೇ ನೋಡಿ. ಅಪ್ಪಟ ಕರ್ನಾಟಕ ಸಂಗೀತದ ಗಾಯಕಿ. ಪತಿ, ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡಕ್ಕೆ ಇವರದೇ ಕಂಠ. 1983ರಲ್ಲಿ ಜರ್ಮನಿಯಲ್ಲಿ ಅಮೆರಿಕದ ಜಾಜ್ ವಾದಕ ಚಾರ್ಲಿ ಮರಿಯಾನೋ ಜೊತೆ ‘ಜ್ಯೋತಿ’ ಧ್ವನಿಮುದ್ರಿಸಿದರು. ಮರಿಯಾನೋ ಅವರದು ಸ್ಯಾಕ್ಸೋಫೋನು, ಕೊಳಲು. ನಮ್ಮ ನಾಗಸ್ವರವನ್ನೂ ಕಲಿತಿದ್ದ ಮನುಷ್ಯ. ಅಲ್ಲಿ ರಮಾಮಣಿ ತಂಬೂರಿ ಬಿಡಲಿಲ್ಲ, ರಾಗ ಬಿಡಲಿಲ್ಲ, ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕೋಲನ್ನು ತಂಡದವರೂ ಬಿಡಲಿಲ್ಲ.

ಈ ಕೊನ್ನಕೋಲಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಆದಿತಾಳಕ್ಕೆ ಎಂಟು ಎಣಿಕೆ. ಎಣಿಕೆಗೆ ನಾಲ್ಕರಂತೆ ಮೂವತ್ತೆರಡು ಮಾತ್ರೆ. ಕೈಯಲ್ಲಿ ತಾಳ ಹಾಕುತ್ತಾ ‘ತಕಿಟ ತಕಧಿಮಿ’ ಅನ್ನಿ, ಏಳಾಯಿತು. ನಾಲ್ಕು ಸಲ ಅಂದರೆ ಇಪ್ಪತ್ತೆಂಟು. ಕೊನೆಗೊಂದು ‘ತಕಧಿಮಿ’ ಸೇರಿಸಿ, ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ನಿಲ್ಲುತ್ತೀರಿ. ನಡುವೆ ಏಳರ ಲೆಕ್ಕ ತಾಳದ ಪೆಟ್ಟಿನಿಂದ ಜಾರುತ್ತಾ ಹೋಗುತ್ತದೆ, ಕೈತಾಳ ಮಾತ್ರ ತಪ್ಪುವುದಿಲ್ಲ. ಇದನ್ನು ಎಣಿಸಬಲ್ಲ ವಾದಕನಿಗೆ ಕನ್ನಡ ಬರಬೇಕಾಗಿಲ್ಲ, ತೆಲುಗು ಕೀರ್ತನೆಯ ಅರ್ಥವೂ ಬೇಕಾಗಿಲ್ಲ. ನಡುವೆ ಯಾರು ಎಲ್ಲಿಗೇ ಹೋಗಲಿ, ಸಮಕ್ಕೆ ಒಟ್ಟಿಗೆ ಬರಬೇಕು. ಮತ್ತೆ ಹೇಳುತ್ತೇನೆ: ಸಮಕ್ಕೆ ಒಟ್ಟಿಗೆ ಬರಬೇಕು, ಅಷ್ಟೇ. ಇಷ್ಟು ಗಟ್ಟಿಯಿದ್ದವಳನ್ನು ಯಾವ ಡ್ರಮ್ಮೂ ದಾರಿ ತಪ್ಪಿಸಲಾರದು. ಕೈತಾಳ ಬಿಟ್ಟು ಬಾಯಿಪಾಠ ಮಾತ್ರ ಮಾಡಿಸುವ ಪಾಠಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಗು ಕೆಡುವುದು ಅಲ್ಲಿ, ಜಾಜ್‌ನಲ್ಲಲ್ಲ.

ರಮಾಮಣಿ ಶಾಸ್ತ್ರೀಯ ಸಂಗೀತದಿಂದ ಜಾಜ್ ಕಡೆಗೆ ಹೋದರೆ, ಟರ್ಕಿಯ ಗಾಯಕಿ ತುಲಾಯ್ ಗೆರ್ಮಾನ್ ಬಂದದ್ದು ಎದುರು ದಿಕ್ಕಿನಿಂದ. ಜಾಜ್ ಹಾಡುತ್ತಿದ್ದವರು, 1964ರಲ್ಲಿ ಹಳ್ಳಿಯ ಹಾಡೊಂದನ್ನು ಪಾಶ್ಚಾತ್ಯ ವಾದ್ಯಗಳೊಂದಿಗೆ ಹಾಡಿ ಮನೆಮಾತಾದರು.

ಇನ್ನು, ಬ್ಯಾಂಡಿನಲ್ಲಿ ಹಾಡಿದರೆ ‘ಗಂಟಲು ಒಡೆಯುತ್ತದೆ’ ಅನ್ನುವವರು ಕಾರಣವನ್ನು ತಪ್ಪು ಹಿಡಿದಿದ್ದಾರೆ. ಗಂಟಲಿಗೆ ಪೆಟ್ಟು ಬೀಳುವುದು ತನಗೆ ಒಗ್ಗದ ಶ್ರುತಿಯಲ್ಲಿ, ತನ್ನ ದನಿ ತನಗೇ ಕೇಳಿಸದೆ ಕಿರುಚಿದಾಗ. ಭಜನೆಯಲ್ಲಿ ಕಿರುಚಿದರೂ ಅದೇ ಗತಿ. ಹಾಗಾಗಿ ಮಗಳದು ಐದು ಮನೆ ಶ್ರುತಿಯಾದರೆ ಗಿಟಾರಿನವರೇ ಅದಕ್ಕೆ ಹೊಂದಿಕೊಳ್ಳಲಿ. ವೇದಿಕೆಯಲ್ಲಿ ಅವಳ ಕಡೆಗೆ ತಿರುಗಿಸಿದ ಸ್ಪೀಕರ್ ಒಂದಿರಲಿ. ಬೆಳಗಿನ ಸಾಧನೆ ತಪ್ಪದಿರಲಿ.