ಮೂರನೇ ಪಿನ್ನಿಗೆ ಕೈ ಹಚ್ಚಬೇಡಿ

ಕಾರ್ಯಕ್ರಮ ಮುಗಿದ ಮೇಲೆ ಬರುವ ಫೋನುಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ಆದರೆ ಒಂದು ದೂರು ಮಾತ್ರ ಬೇರೆ ಬೇರೆ ದನಿಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. "ನಿಮ್ಮ ಕಾರ್ಯಕ್ರಮ ಹೋಂ ಥಿಯೇಟರಿನಲ್ಲಿ ಹಾಕಿ ಕೇಳ್ತೀವಿ. ನೀವು ಮಾತು ನಿಲ್ಲಿಸಿದ ಕೂಡಲೇ ಹಿಂದಿನಿಂದ ಗುಂಯ್ ಅಂತ ಸದ್ದು ಬರುತ್ತೆ. ಇದು ನಿಮ್ಮ ಸ್ಟುಡಿಯೋದ್ದೋ, ನಮ್ಮ ಮನೆಯದ್ದೋ?" ಎಂದು. ಪರೀಕ್ಷೆ ಸುಲಭ. ಅದೇ ಕಾರ್ಯಕ್ರಮವನ್ನು ಮೊಬೈಲಿಗೆ ಇಯರ್‌ಫೋನ್ ಹಾಕಿ ಕೇಳಿ. ಅಲ್ಲಿ ಗುಂಯ್ ಇಲ್ಲವೆಂದರೆ ತಂಟೆ ನಮ್ಮದಲ್ಲ, ನಿಮ್ಮ ಮನೆಯ ಮೂಲೆಯಲ್ಲಿ ಕೂತಿರುವ ಆ ಕರಿ ಪೆಟ್ಟಿಗೆಯದು. ಅಂದರೆ ಸಬ್‌ವೂಫರಿನದು.

ಇಷ್ಟೇ ಆಗಿದ್ದರೆ ಫೋನಿನಲ್ಲೇ ಎರಡು ಮಾತು ಹೇಳಿ ಮುಗಿಸಬಹುದಿತ್ತು. ಡೊಂಬಿವಲಿಯ ಹಿರಿಯ ಕೇಳುಗರೊಬ್ಬರು ಹೇಳಿದ ಮಾತಿನಿಂದ ಇವತ್ತಿನ ಈ ಭಾಷಣ ಹುಟ್ಟಿತು. ರಿಪೇರಿಯವನೊಬ್ಬ ಬಂದು, ಐದೇ ನಿಮಿಷದಲ್ಲಿ ಪ್ಲಗ್ಗಿನ ಮೂರನೇ ಪಿನ್ನನ್ನು ಇಕ್ಕಳದಿಂದ ಮುರಿದು, ಸದ್ದು ನಿಲ್ಲಿಸಿ, ದುಡ್ಡು ಎಣಿಸಿಕೊಂಡು ಹೋದನಂತೆ. "ಈಗ ಆರಾಮ, ಸದ್ದೇ ಇಲ್ಲ" ಅಂದರು. ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗು ಬೇರೆ ಇದೆ. ಸದ್ದು ನಿಂತದ್ದು ನಿಜ. ಆದರೆ ಆ ಪೆಟ್ಟಿಗೆಯ ಕಾವಲುಗಾರನನ್ನೇ ಮನೆಯಿಂದ ಹೊರಗೆ ಹಾಕಿದಂತಾಯಿತು.

ಮೊದಲು ಈ ಗುಂಯ್ ಏನು ಅಂತ ನೋಡೋಣ. ನಮ್ಮ ದೇಶದಲ್ಲಿ ಮನೆಗೆ ಬರುವ ಕರೆಂಟು 230 ವೋಲ್ಟಿನದು, ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಓಲಾಡುತ್ತದೆ. ಆ ಓಲಾಟವನ್ನೇ ಸ್ಪೀಕರಿಗೆ ಕೊಟ್ಟರೆ 50 ಹರ್ಟ್ಸ್‌ನ ಸ್ವರ ಹೊರಡುತ್ತದೆ. ಸಂಗೀತ ಕಲಿತವರಿಗೆ ಹೇಳುವುದಾದರೆ ಹಾರ್ಮೋನಿಯಂನ ಬಿಳಿ ಐದರ ಹತ್ತಿರದ ಸ್ವರ, ಆದರೆ ತೀರಾ ಕೆಳಗಿನ ಸ್ಥಾಯಿಯದು. ಚಿಕ್ಕ ಸ್ಪೀಕರುಗಳಿಗೆ ಅಷ್ಟು ತಗ್ಗಿನ ಸ್ವರ ಹಾಡಲು ಬರುವುದಿಲ್ಲ. ಹಾಗಾಗಿ ಅವು ಸುಮ್ಮನಿರುತ್ತವೆ. ಸಬ್‌ವೂಫರನ್ನು ಮಾಡಿರುವುದೇ ಇಂಥ ತಗ್ಗಿನ ಸ್ವರಗಳಿಗೆ. ಪಾಪ, ತನಗೆ ಸಿಕ್ಕಿದ್ದನ್ನು ಅದು ನಿಷ್ಠೆಯಿಂದ ಹಾಡುತ್ತದೆ.

ಹಾಡು ಹೋಗಬೇಕಾದ ತಂತಿಯೊಳಗೆ ಈ ಕರೆಂಟಿನ ಓಲಾಟ ಹೇಗೆ ನುಗ್ಗಿತು? ನಮ್ಮ ಮುಂಬಯಿಯ ಮನೆಗಳಲ್ಲಿ ಇದಕ್ಕೆ ಬಹಳ ಸಲ ಕಾರಣವಾಗುವುದು ಟಿವಿಯ ಕೇಬಲ್. ಸಬ್‌ವೂಫರೋ ಆಂಪ್ಲಿಫೈಯರೋ ಮೂರು ಪಿನ್ನಿನ ಪ್ಲಗ್ಗಿನಿಂದ ಮನೆಯ ಅರ್ಥಿಂಗಿಗೆ ಸೇರಿಕೊಂಡಿರುತ್ತದೆ. ಇತ್ತ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟೆರೇಸಿನಿಂದ ಟೆರೇಸಿಗೆ ಹಾರಿ, ಯಾವುದೋ ಕಟ್ಟಡದ ಬೂಸ್ಟರಿನ ಮೂಲಕ ಬಂದಿರುತ್ತದೆ. ಅದರ ಹೊರ ಹೆಣಿಗೆ ಇನ್ನೆಲ್ಲೋ ನೆಲ ಮುಟ್ಟಿರುತ್ತದೆ. ಎರಡೂ ನೆಲವೇ, ಆದರೆ ಎರಡರ ನಡುವೆ ಚೂರುಪಾರು ವೋಲ್ಟೇಜಿನ ವ್ಯತ್ಯಾಸ ಇದ್ದೇ ಇರುತ್ತದೆ. ಟಿವಿ, ಆಂಪ್ಲಿಫೈಯರ್, ಸಬ್‌ವೂಫರ್ ಎಲ್ಲವನ್ನೂ ತಂತಿಗಳಿಂದ ಜೋಡಿಸಿದ ಕ್ಷಣದಲ್ಲಿ ಆ ಎರಡು ನೆಲಗಳ ನಡುವೆ ಒಂದು ಸುತ್ತು ಪೂರ್ತಿಯಾಗುತ್ತದೆ. ಸಣ್ಣ ಕರೆಂಟು ಹರಿಯತೊಡಗುತ್ತದೆ, ಅದೂ ಹಾಡನ್ನು ಹೊತ್ತು ತರುವ ಆರ್‌ಸಿಎ ತಂತಿಯ ಹೊರ ಹೆಣಿಗೆಯಲ್ಲೇ. ಆ ಹೆಣಿಗೆಗೆ ಎರಡು ಕೆಲಸ: ಹೊರಗಿನ ಗದ್ದಲ ತಡೆಯುವುದು, ಮತ್ತು ಹಾಡು ಹಿಂತಿರುಗುವ ದಾರಿಯಾಗುವುದು. ದಾರಿಯಲ್ಲೇ ಬೇರೆ ಕರೆಂಟು ನಡೆದರೆ ಹಾಡಿನ ಜೊತೆ ಅದೂ ಒಳಗೆ ಬರುತ್ತದೆ.

ನಮ್ಮ ಸ್ಟುಡಿಯೋದಲ್ಲಿ ಇಷ್ಟೊಂದು ಯಂತ್ರಗಳಿದ್ದರೂ ಗುಂಯ್ ಯಾಕಿಲ್ಲ ಅಂತ ನೀವು ಕೇಳಬಹುದು. ಅಲ್ಲಿ ಮೈಕಿನಿಂದ ಬರುವ ಕೇಬಲಿನಲ್ಲಿ ಸಂಕೇತಕ್ಕೆ ಎರಡು ತಂತಿ, ಹೊರಗೆ ಬೇರೆ ಹೆಣಿಗೆ. ಎರಡು ತಂತಿಗಳಲ್ಲಿ ಒಂದೇ ದನಿ ಒಂದಕ್ಕೊಂದು ತಿರುಗುಮುರುಗಾಗಿ ಹೋಗುತ್ತದೆ. ನಡುದಾರಿಯಲ್ಲಿ ಹತ್ತಿಕೊಂಡ ಗದ್ದಲ ಎರಡರಲ್ಲೂ ಒಂದೇ ರೀತಿ ಇರುವುದರಿಂದ, ಆಚೆ ತುದಿಯಲ್ಲಿ ಒಂದರಿಂದ ಒಂದನ್ನು ಕಳೆದಾಗ ಗದ್ದಲ ಮಾಯ, ದನಿ ಉಳಿಯುತ್ತದೆ. ಮನೆಯ ಸೆಟ್ಟುಗಳಲ್ಲಿ ಈ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನು ಪತ್ತೆದಾರಿಕೆಗೆ ಇಳಿಯೋಣ. ಒಂದೇ ನಿಯಮ: ತಂತಿ ಕೀಳುವ ಮುಂಚೆ, ಮತ್ತೆ ಸಿಕ್ಕಿಸುವ ಮುಂಚೆ ಎಲ್ಲ ಸ್ವಿಚ್ಚು ಆರಿಸಿ. ಬಿಸಿಯಾದ ಆಂಪ್ಲಿಫೈಯರಿಗೆ ತಂತಿ ಚುಚ್ಚಿದರೆ ಢಬ್ ಅಂತ ಸಿಡಿದಂಥ ಸದ್ದು ಬರುತ್ತದೆ, ಸ್ಪೀಕರ್ ಹೋದರೂ ಹೋಯಿತು.

ಮೊದಲು ಸಬ್‌ವೂಫರಿಗೆ ಹಾಡು ತರುವ ತಂತಿಯನ್ನು ಅದರ ಬೆನ್ನಿನಿಂದ ಕಿತ್ತು, ಅದೊಂದನ್ನೇ ಆನ್ ಮಾಡಿ. ಗುಂಯ್ ನಿಂತಿತೇ? ಹಾಗಾದರೆ ಪೆಟ್ಟಿಗೆ ನಿರಪರಾಧಿ, ಕಳ್ಳ ತಂತಿಯ ಆಚೆ ಇದ್ದಾನೆ. ತಂತಿಯನ್ನು ಮತ್ತೆ ಸಿಕ್ಕಿಸಿ, ಈ ಸಲ ಸೆಟ್‌ಟಾಪ್ ಬಾಕ್ಸಿನಿಂದ ಕೇಬಲನ್ನು ಬಿಚ್ಚಿ. ಇಲ್ಲಿ ಸ್ವಲ್ಪ ಎಚ್ಚರ. ಕಟ್ಟಡದ ಬೂಸ್ಟರಿನಲ್ಲಿ ಲೋಪವಿದ್ದರೆ ಆ ಕೇಬಲಿನ ಲೋಹದಲ್ಲೇ ಕರೆಂಟಿರಬಹುದು. ಟೆಸ್ಟರ್ ಹಚ್ಚಿ ನೋಡಿ. ದೀಪ ಪ್ರಖರವಾಗಿ ಹೊತ್ತಿಕೊಂಡರೆ ಮುಟ್ಟಬೇಡಿ, ಕೇಬಲಿನವನನ್ನೇ ಕರೆಸಿ. ದೀಪ ಹತ್ತದಿದ್ದರೂ ಕಾಲಿಗೆ ಚಪ್ಪಲಿ, ಒಣಗಿದ ಕೈ ಇರಲಿ. ಕೇಬಲ್ ಬಿಚ್ಚಿಟ್ಟು ಆನ್ ಮಾಡಿದಾಗ ಸದ್ದು ನಿಂತಿದ್ದರೆ ಕಳ್ಳ ಕೈಗೆ ಸಿಕ್ಕಿದ ಹಾಗೆಯೇ.

ಇದಕ್ಕೆ ಔಷಧ ಕೇಬಲಿನ ದಾರಿಯಲ್ಲಿ ಹಾಕುವ ಐಸೊಲೇಟರ್ ಎಂಬ ಪುಟ್ಟ ಸಾಧನ. ಚಿತ್ರ, ಧ್ವನಿ ತರುವ ಸಂಕೇತವನ್ನು ಅದು ಬಿಡುತ್ತದೆ, ನೆಲದ ಕರೆಂಟನ್ನು ತಡೆಯುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿದರೆ ಸಿಕ್ಕೀತು. ಆದರೆ ನಿಮ್ಮಲ್ಲಿರುವುದು ಕೇಬಲ್ ಅಲ್ಲ, ಡಿಶ್ ಆಂಟೆನಾ ಆಗಿದ್ದರೆ ಇದನ್ನು ಕೊಳ್ಳಬೇಡಿ. ಡಿಶ್ಶಿನ ತಲೆಯಲ್ಲಿರುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟಿನ ವಿದ್ಯುತ್ತು ಅದೇ ತಂತಿಯಲ್ಲಿ ಮೇಲೆ ಹೋಗಬೇಕು. ಐಸೊಲೇಟರ್ ಅದನ್ನೂ ತಡೆದು ಟಿವಿಯಲ್ಲಿ ಚಿತ್ರವೇ ಬಾರದ ಹಾಗೆ ಮಾಡುತ್ತದೆ. ಡಿಶ್ಶಿನವರಿಗೆ ಹೇಳಿ, ಅದರ ಅರ್ಥಿಂಗನ್ನು ಮನೆಯ ಅರ್ಥಿಂಗಿಗೇ ಸೇರಿಸಿಸಿಕೊಳ್ಳಿ. ಹೊರಗಿನ ಕನೆಕ್ಟರುಗಳನ್ನೂ ನೋಡಲು ಹೇಳಿ. ಮುಂಬಯಿಯ ನಾಲ್ಕು ತಿಂಗಳ ಮಳೆ ಮತ್ತು ಉಪ್ಪುಗಾಳಿ ಅವನ್ನು ತಿಂದುಹಾಕಿರುತ್ತದೆ.

ಕೇಬಲ್ ಬಿಚ್ಚಿದರೂ ಸದ್ದು ಹೋಗಲಿಲ್ಲ ಅನ್ನಿ. ಟಿವಿ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಸಬ್‌ವೂಫರ್ ಎದುರು ಗೋಡೆಯದರಲ್ಲಿ ಇದೆಯೇ? ಎಲ್ಲವನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. ಹೋಂ ಥಿಯೇಟರ್ ತಿನ್ನುವ ಕರೆಂಟು ಅಷ್ಟೇನಲ್ಲ, 6 ಆಂಪಿಯರಿನ ಬೋರ್ಡು ತಡೆಯುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಅದಕ್ಕೇ ಸಿಕ್ಕಿಸಬೇಡಿ. ಹಾಡಿನ ತಂತಿ, ಕರೆಂಟಿನ ವೈರು ಎರಡನ್ನೂ ಒಟ್ಟಿಗೆ ಸುತ್ತಿ ಕಟ್ಟಿಟ್ಟಿದ್ದರೆ ಬಿಡಿಸಿ ದೂರ ಮಾಡಿ. ಅಚ್ಚುಕಟ್ಟಾಗಿರಲಿ ಅಂತ ಟೇಪು ಸುತ್ತುವವರು ನಮ್ಮಲ್ಲಿ ಬಹಳ. ಐದಾರು ವರ್ಷದ ಹಳೆಯ ಆರ್‌ಸಿಎ ತಂತಿಯಾದರೆ ಬದಲಿಸಿ ನೋಡಿ, ಹೆಣಿಗೆ ತುದಿಯಲ್ಲಿ ಕಿತ್ತಿದ್ದರೂ ಇದೇ ರಾಗ. ಗುಂಯ್ ಅಲ್ಲ, ಝರ್ ಅಂತ ಕೊರೆಯುವ ಸದ್ದಾದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಒಮ್ಮೆ ಆರಿಸಿ ನೋಡಿ.

ಈಗ ಆ ಮೂರನೇ ಪಿನ್ನಿನ ವಿಷಯ. ಅದನ್ನು ಮುರಿದಾಗ ಸದ್ದು ನಿಲ್ಲುತ್ತದೆ, ಯಾಕೆಂದರೆ ಎರಡು ನೆಲಗಳಲ್ಲಿ ಒಂದು ಇಲ್ಲವಾಗಿ ಸುತ್ತು ಕಡಿಯುತ್ತದೆ. ಅದಕ್ಕೇ ಈ ಚಿಕಿತ್ಸೆ ಇಷ್ಟು ಜನಪ್ರಿಯ. ಪ್ಲಗ್ಗನ್ನು ಸ್ವಲ್ಪ ಗಮನಿಸಿ, ಆ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಸಿಕ್ಕಿಸುವಾಗ ಮೊದಲು ಮುಟ್ಟಬೇಕು, ಕೀಳುವಾಗ ಕೊನೆಗೆ ಬಿಡಬೇಕು ಅಂತ ಹಾಗೆ ಮಾಡಿದ್ದಾರೆ. ಒಳಗೆ ವೈರು ಸವೆದು ಲೋಹದ ಮೈಗೆ ತಗುಲಿದರೆ, ಕರೆಂಟು ಈ ಪಿನ್ನಿನ ದಾರಿಯಲ್ಲಿ ಹರಿದು ಫ್ಯೂಸು ಹಾರಿಸುತ್ತದೆ. ಪಿನ್ನು ಇಲ್ಲದಿದ್ದರೆ ಪೆಟ್ಟಿಗೆ ಸದ್ದಿಲ್ಲದೆ ಹಾಡುತ್ತಲೇ ಇರುತ್ತದೆ, ಅದರ ಮೈಯಲ್ಲಿ 230 ವೋಲ್ಟು ಕಾದಿರುತ್ತದೆ. ಮುಟ್ಟಿದವರ ಮೈಯೇ ಆಗ ಅದಕ್ಕೆ ದಾರಿ. ಮೂರು ಪಿನ್ನನ್ನು ಎರಡು ಮಾಡುವ ಅಡಾಪ್ಟರ್ ಹಾಕಿದರೂ ಅದೇ ಕತೆ. ಈಗಾಗಲೇ ಮುರಿಸಿದ್ದರೆ ಇವತ್ತೇ ಪ್ಲಗ್ ಬದಲಿಸಿ, ಹಸಿರು ವೈರು ದೊಡ್ಡ ಪಿನ್ನಿಗೇ ಹೋಗಿದೆಯೇ ಅಂತ ಎದುರು ನಿಂತು ನೋಡಿ. ಹಳೆಯ ಚಾಳುಗಳಲ್ಲಿರುವವರು ಸಾಕೆಟ್ಟಿಗೆ ಅರ್ಥಿಂಗ್ ನಿಜಕ್ಕೂ ಬಂದಿದೆಯೇ ಅಂತಲೂ ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸಿ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಸೆಟ್ಟಿಗೆ ಇರುವುದೇ ಎರಡು ಪಿನ್ನಾದರೆ ಈ ಭಯವಿಲ್ಲ, ಅದನ್ನು ಹಾಗೆಂದೇ ತಯಾರಿಸಿರುತ್ತಾರೆ. ಅಂಥದ್ದರಲ್ಲಿ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಕೆಲವೊಮ್ಮೆ ಸದ್ದು ಕಡಿಮೆಯಾಗುವುದುಂಟು.

ಹಾಡಿನ ತಂತಿ ಕಿತ್ತ ಮೇಲೂ ಒಂಟಿ ಪೆಟ್ಟಿಗೆ ಗುಂಯ್‌ಗುಡುತ್ತಿದ್ದರೆ, ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಬದಲಾಗದಿದ್ದರೆ, ರೋಗ ಒಳಗಿದೆ. ತಂತಿಯೇ ಇಲ್ಲದ ಸೌಂಡ್‌ಬಾರ್ ಸಬ್‌ವೂಫರಿಗೂ ಇದೇ ಮಾತು. ಸಾಮಾನ್ಯವಾಗಿ ಪವರ್ ಸಪ್ಲೈನ ದೊಡ್ಡ ಕೆಪ್ಯಾಸಿಟರುಗಳು ಮುದಿಯಾಗಿರುತ್ತವೆ. ಆಗ ಕೇಳುವುದು ಹೆಚ್ಚಾಗಿ 100 ಹರ್ಟ್ಸ್‌ನ ಸದ್ದು. ಸ್ಪೀಕರಿನಿಂದಲ್ಲ, ಪೆಟ್ಟಿಗೆಯ ಹಿಂಭಾಗದಿಂದಲೇ ಸದ್ದು ಬರುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ಅದುರುತ್ತಿದೆ ಎಂದರ್ಥ. ನೀವೇ ಸ್ಕ್ರೂ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೆಪ್ಯಾಸಿಟರುಗಳಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ. ಮೆಕ್ಯಾನಿಕ್ ಬಂದಾಗ "ತಂತಿ ಕಿತ್ತರೂ ಸದ್ದು ನಿಲ್ಲಲಿಲ್ಲ, ಸಪ್ಲೈ ಕೆಪ್ಯಾಸಿಟರ್ ನೋಡಿ" ಅಂತ ಹೇಳಿ. ಅವನು ಇಕ್ಕಳ ಹಿಡಿದು ಪ್ಲಗ್ಗಿನ ಕಡೆ ಹೊರಟರೆ ಚಹಾ ಕೊಟ್ಟು ಕಳಿಸಿಬಿಡಿ.